ಮೊದಲು ನಂದೇ ತಗೋರಿ

ಗುರಲಿಂಗಪ್ಪ ಮನೆ ಕೊಟ್ಟು ಬಂದ ಸಂಗತಿ ಭಾಗವ್ವನಿಗೆ ಗೊತ್ತಾದದ್ದು ಗಂಡನ ಬಾಯಿಂದಲ್ಲ. ಮರುದಿನ ನಸುಕಿನಲ್ಲಿ, ನೀರಿನ ಸಾಲಿನಲ್ಲಿ ನಿಂತಾಗ.

ಮುಂಬಯಿಯ ವಡಾಲದ ಆ ಜೋಪಡಿಗಳ ಮಂದಿಗೆ ನೀರು ಬೇಕಾದರೆ ರೈಲು ಹಳಿ ದಾಟಬೇಕು. ಆಚೆ ಗೋದಾಮಿನ ಗೋಡೆಗೊಂದು ನಲ್ಲಿ, ಅದಕ್ಕೆ ನೂರೆಂಟು ಕೊಡ. ಲೋಕಲ್ ಗಾಡಿಗಳ ಓಡಾಟ ಹೆಚ್ಚುವುದರೊಳಗೆ ತುಂಬಿಕೊಂಡು ಈಚೆ ಬಂದವಳ ದಿನ ನೆಟ್ಟಗೆ. ಭಾಗವ್ವ ನಿದ್ದೆಗಣ್ಣಲ್ಲೇ ಕೊಡ ಸರಿಸುತ್ತಿದ್ದಳು. ಮುಂದೆ ನಿಂತಿದ್ದ ನೆರೆಮನೆಯ ಸೋಮವ್ವ ತಿರುಗಿ ನೋಡಿದಳು.

"ಅಕ್ಕಾ, ನಿಮ್ಮ ಯಜಮಾನ್ರಂಥವರು ಸಿಗೋದಿಲ್ಲ ಬಿಡ್ರಿ. ಮಂದಿ ಸಲುವಾಗಿ ಸ್ವಂತ ಮನೀನೇ ಕೊಟ್ಟುಬಿಟ್ರಲ್ಲ!"

"ಏನು ಕೊಟ್ರು?"

"ಮನಿ ರೀ. ನಿನ್ನೆ ಸಭಾದಾಗ. ನಿಮಗ ಹೇಳಿಲ್ಲೇನು?"

"ಹೇಳ್ಯಾರ, ಹೇಳ್ಯಾರ," ಎಂದಳು ಭಾಗವ್ವ. ಹೇಳಿರಲಿಲ್ಲ. ಹತ್ತು ಹೆಂಗಸರ ನಡುವೆ ಗಂಡನ ಮಾನ ಕಾಯಬೇಕಲ್ಲ, ಅದಕ್ಕೆ ಹಾಗೆಂದಳು. ಅರ್ಧ ತುಂಬಿದ ಕೊಡವನ್ನೇ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟುಬಿಟ್ಟಳು.

ಮನೆಯಲ್ಲಿ ಗುರಲಿಂಗಪ್ಪ ಖಾಕಿ ಅಂಗಿ ತೊಟ್ಟು ಕೂತಿದ್ದ. ಮಾಟುಂಗಾದಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ವಾಚಮನ್ ಅವನು. ಮಗ ಮರೆಪ್ಪ ಬಂದರಿನಲ್ಲಿ ಚೀಲ ಹೊರುವ ಟೋಳಿಯವನು. ನಿನ್ನೆಯ ರೊಟ್ಟಿಯನ್ನು ಚಹದಲ್ಲಿ ಅದ್ದಿ ತಿನ್ನುತ್ತಿದ್ದ. ಮಗಳು ಸೇವಂತಿ ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಅವಳು ಮಾಟುಂಗಾದ ಮೂರು ಮನೆಗಳಲ್ಲಿ ಭಾಂಡೆ ತಿಕ್ಕುವವಳು.

ಭಾಗವ್ವ ಕೊಡವನ್ನು ಠಣ್ಣೆಂದು ಇಳಿಸಿದಳು. "ಏನ್ರೀ, ನಾವು ಎಂದು ಹೊಂಟೀವಿ?"

"ಎಲ್ಲಿಗೆ?"

"ನಿಮಗ ಗೊತ್ತು. ಮನಿ ಕೊಟ್ಟವರು ನೀವು."

ಮರೆಪ್ಪನ ಕೈಯಲ್ಲಿದ್ದ ರೊಟ್ಟಿ ಚಹದೊಳಗೇ ಬಿತ್ತು. ಗುರಲಿಂಗಪ್ಪ ಅಂಗಿಯ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಆಮೇಲೆ ನಿಧಾನಕ್ಕೆ ಹೇಳಿದ.

ಸಂಗತಿ ಇಷ್ಟು. ಸರಕಾರದ ಕಡೆಯಿಂದ ಒಬ್ಬ ಸಾಹೇಬ ಬಂದಿದ್ದ. ಚೆನ್ನಯನ ಉಡುಪಿ ಹೋಟೆಲಿನ ಗೋಡೆಗೆ ನಕಾಶೆ ತೂಗುಹಾಕಿ, ಈ ಗಲ್ಲಿಗೆ ಎರಡು ನಲ್ಲಿ, ಒಂದು ಸಂಡಾಸ್ ಸಾಲು, ಗಟಾರ, ದೀಪ ಎಲ್ಲಾ ಬರುತ್ತದೆ ಎಂದ. ಪೈಪು ಹಾಯಲು, ಗಾಡಿ ಒಳಗೆ ಬರಲು ಒಂದೇ ಒಂದು ಮನೆ ತೆಗೆಯಬೇಕು. ಎರಡು ಕಡೆ ಗುರುತು ಮಾಡಿದ್ದಾರೆ. ನಡುವಿನ ತಿರುವಿನಲ್ಲಿರುವ ಗುರಲಿಂಗಪ್ಪನ ಮನೆ, ಇಲ್ಲವೇ ಗಲ್ಲಿಯ ಬಾಯಲ್ಲಿರುವ ಅಂಬವ್ವನ ಮನೆ. ಹೋದವರಿಗೆ ದೂರದ ಮಾನಖುರ್ದದಲ್ಲಿ ಖಾಲಿ ಜಾಗ. ಹಿಂದಿನವರ ಹಾಗೆ ನಾವು ಹೇಳದೆ ಕೇಳದೆ ಬಂದು ಒಡೆಯುವುದಿಲ್ಲ, ಇರುವವರು ನೀವು, ನಿಮ್ಮನ್ನು ಕೇಳಿಯೇ ಮಾಡುತ್ತೇವೆ, ಯಾವುದು ಎಂದು ನೀವೇ ಹೇಳಿ ಎಂದ. ಸಾಹೇಬ ಒಳ್ಳೆಯ ಮನುಷ್ಯನೇ. ಕುಡಿದ ಚಹದ ದುಡ್ಡನ್ನೂ ತಾನೇ ಕೊಟ್ಟನಂತೆ.

ಮಂದಿಯೆಲ್ಲ ಗುರಲಿಂಗಪ್ಪನ ಮುಖ ನೋಡಿದರು. ಅವನು ಹಿರಿಯ. ಊರಿನಿಂದ ಬಂದವರಿಗೆ ಕೆಲಸ ಹಚ್ಚಿಕೊಟ್ಟವನು, ಗಂಡಹೆಂಡಿರ ಜಗಳ ಬಿಡಿಸಿದವನು. ಸೇಡಂ ಕಡೆಯ ಅವರ ಊರಲ್ಲಿ ಇಂಥ ಮಾತಿಗೆ ಒಂದು ರೀತಿ ಇದೆ. ಜಾತ್ರೆಗೆ ಪಟ್ಟಿ ಎತ್ತುವುದಿರಲಿ, ಓಣಿ ಅಗಲ ಮಾಡುವುದಿರಲಿ, ಹಿರಿಯನಾದವನು ಎದ್ದು ಮೊದಲು ನಂದೇ ತಗೋರಿ ಅನ್ನಬೇಕು. ಉಳಿದವರು ಬ್ಯಾಡ ಬ್ಯಾಡ ಹಿರ್ಯಾರ, ನಿಮ್ಮದಕ್ಕ ಕೈ ಹಚ್ಚಿದ್ರ ನಮಗ ಶೋಭಾ ಅದ ಏನು ಅಂತ ಕೈಹಿಡಿದು ಕೂರಿಸಬೇಕು. ಅಲ್ಲಿಗೆ ಹಿರಿಯನ ಹಿರಿತನವೂ ಉಳಿಯಿತು, ಮನೆಯೂ ಉಳಿಯಿತು. ನಿಜವಾದ ಮಾತು ಶುರುವಾಗುವುದೇ ಆಮೇಲೆ. ನೀನೊಂದು ಮೊಳ ಬಿಡು, ನಾನೊಂದು ಮೊಳ ಬಿಡುತ್ತೇನೆ ಎಂದು ರಾತ್ರಿಯಿಡೀ ಎಳೆದಾಡಿ ಒಂದು ದಾರಿ ಹುಟ್ಟುತ್ತದೆ. ಮೊದಲ ಆ ಮಾತು ಬರೀ ಬಾಗಿಲು ತೆಗೆಯುವ ಮಾತು.

ಗುರಲಿಂಗಪ್ಪ ಎದ್ದು ಆ ಮಾತು ಹೇಳಿದ. ಹೋಟೆಲಿನ ಚೆನ್ನಯ ಅದನ್ನು ಹಿಂದಿಯಲ್ಲಿ ಹೇಳಿದ. ಸಾಹೇಬ ಬರೆದುಕೊಂಡ.

"ಮಂದಿ? ಮಂದಿ ಏನಂದ್ರು?" ಎಂದಳು ಭಾಗವ್ವ.

"ಯಾರೂ ಏನೂ ಅನ್ನಲಿಲ್ಲ."

"ಒಬ್ಬರೂ ಬ್ಯಾಡ ಅನ್ನಲಿಲ್ಲ?"

"ಸಾಹೇಬನ ಪೆನ್ನು ಜಲ್ದಿ ಇತ್ತು," ಎಂದ ಗುರಲಿಂಗಪ್ಪ.

ಪೆನ್ನಿನ ಮಾತೆಲ್ಲಿ ಬಂತು! ಬ್ಯಾಡ ಅಂದವನಿಗೇ ಸಾಹೇಬ ಹಾಗಾದರೆ ನಿಂದು ಕೊಡು ಅಂದಾನೆಂದು ಒಬ್ಬೊಬ್ಬನೂ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅದು ಗುರಲಿಂಗಪ್ಪನಿಗೂ ಗೊತ್ತಿತ್ತು, ಹೇಳಿಕೊಳ್ಳಲು ನಾಚಿಕೆ.

"ಬೋಲ್ ದಿಯಾ ತೋ ಖತಂ? ಅಂದ್ರ ಮುಗೀತೇನು?" ಎಂದಳು ಸೇವಂತಿ. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ, ಸಿಟ್ಟು ಬಂದರೆ ಅವಳ ಬಾಯಿಗೆ ಹಿಂದಿಯೇ ಮೊದಲು. "ಅಪ್ಪಾ, ಘರ್ ನಂದೂ ಅದ ಅಲ್ಲ? ಮುಝೆ ಪೂಛಾ ಕ್ಯಾ?"

"ನೀ ಸುಮ್ನ ಕೂಡು. ಹಿರ್ಯಾರ ಮಾತಿನಾಗ ಬರಬ್ಯಾಡ."

"ಆಕಿನ್ನ ಯಾಕ ಬೈತೀರಿ?" ಭಾಗವ್ವನ ದನಿ ಏರಿತು. "ಸಾಹೇಬ ನಿಮ್ಮನ್ನ ಕೇಳಿದ. ನೀವು ನನ್ನ ಕೇಳಿದ್ರೇನು? ಈ ಮನಿ ತಳಪಾಯಕ್ಕ ಕಲ್ಲು ಹೊತ್ತಾಕಿ ನಾನು. ಮಳಿಗಾಲ ಬಂದ್ರ ತಗಡಿನ ಪತ್ರಾ ಮ್ಯಾಲ ಹತ್ತಿ ಡಾಂಬರ ಬಳದಾಕಿ ನಾನು. ನಿಮ್ಮದು ದೊಡ್ಡ ಮನಸು, ನಮ್ಮದು ಬೀದಿ!"

ಗುರಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಚಹ ಹಾಗೇ ಆರಿತು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ರೇಷನ್ನಿನಲ್ಲಿ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ ಕೊಡುತ್ತಿದ್ದ ವರ್ಷ ಅದು. ಎಷ್ಟು ಬಿಸಿನೀರು ಹೊಯ್ದು ನಾದಿದರೂ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ತಟ್ಟಿದರೆ ಹೆಂಚಿಗೆ ಹೋಗುವ ಮೊದಲೇ ಬಿರಿಯುತ್ತದೆ. ಭಾಗವ್ವ ಹಗಲೆಲ್ಲ ಗೋದಾಮಿನಲ್ಲಿ ಕಾಳು ಹಸನು ಮಾಡಿ, ಸಂಜೆ ಆ ದರಿದ್ರ ಹಿಟ್ಟಿನೊಂದಿಗೆ ಗುದ್ದಾಡಿ, ಬಿರಿದ ರೊಟ್ಟಿಯನ್ನು ಗಂಡನ ತಾಟಿಗೆ ಎಸೆಯುತ್ತಿದ್ದಳು. ಅವನು ಪುಂಡಿಪಲ್ಯದೊಂದಿಗೆ ಅದನ್ನು ಕಲಸಿ ತಿಂದು, ಕೈ ತೊಳೆದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

"ಮಾನಖುರ್ದದಿಂದ ನಾ ಬಂದರಕ್ಕ ಹ್ಯಾಂಗ ಬರ್ಲಿ ಹೇಳು," ಎನ್ನುತ್ತಿದ್ದ ಮರೆಪ್ಪ. "ಮುಕಾದಮ್ ಬೆಳ್ಳಂಬೆಳಗ್ಗೆ ಗೇಟಿನ್ಯಾಗ ಹೆಸರು ಕೂಗ್ತಾನ. ಒಂದು ದಿನ ತಪ್ಪಿದ್ರ ಮರುದಿನ ಬ್ಯಾರೆಯವನ ಹೆಗಲಿಗೆ ಚೀಲ. ಅಪ್ಪಾ, ಚೆನ್ನಯಣ್ಣನ ಹಂತ್ಯಾಕ ಹೋಗಿ ಮಾತು ವಾಪಸ್ ತಗೊಂಡೀನಿ ಅನ್ನು. ಅಷ್ಟೇ."

"ಮಾತೇನು ಕೊಡವೇನೋ, ವಾಪಸ್ ತರಲಾಕ? ನಾಳಿ ಯಾರ ಮುಂದ ನಾ ಕೂಡ್ಲಿ?"

"ಕೂಡಲಾಕ ಜಾಗಾ ಇದ್ರ ಅಲ್ಲೇನು ಯಾರ ಮುಂದ ಅನ್ನೋದು!"

ಇದರ ಮೇಲೆ ಮಂದಿಯ ಹೊಗಳಿಕೆ ಬೇರೆ. ದಾರಿಯಲ್ಲಿ ಸಿಕ್ಕವರೆಲ್ಲ ಗುರಲಿಂಗಪ್ಪನ ಕಾಲು ಮುಟ್ಟುತ್ತಿದ್ದರು. ಸೋಮವ್ವನ ಗಂಡ ಎಲೆಯಡಿಕೆ ತಂದುಕೊಟ್ಟು, "ಹಿರ್ಯಾ ಅಂದ್ರ ಹೀಂಗಿರಬೇಕು ಮುತ್ಯಾ, ನಮ್ಮ ಹೆಣ್ಣುಮಕ್ಕಳು ಇನ್ನ ಹಳಿ ದಾಟೋದು ತಪ್ಪಿತು," ಎಂದು ಕಣ್ಣು ಒರೆಸಿಕೊಂಡ. ಸುಳ್ಳಲ್ಲ ಅದು. ಹಿಂದಿನ ವರ್ಷ ಹಳಿಯ ಮೇಲೆ ಅವನ ತಂಗಿಯೇ ಸತ್ತಿದ್ದಳು. ನಲ್ಲಿ ಎಲ್ಲರಿಗೂ ಬೇಕಿತ್ತು, ಭಾಗವ್ವನಿಗೂ ಬೇಕಿತ್ತು. ಹೊಗಳಿದಷ್ಟೂ ಗುರಲಿಂಗಪ್ಪ ತನ್ನ ಮಾತಿನೊಳಗೆ ಇನ್ನಷ್ಟು ಹೂತುಹೋದ. ಪುಕ್ಕಟೆ ಹೊಗಳಿಕೆಗೆ ಮನೆ ಮಾರಿದ ಗಂಡಸು ಎಂದು ಭಾಗವ್ವ ಗೊಣಗಿದಳು. ಒಂದು ದಿನ ಯಾರೋ ಬಂದು ಮನೆಯ ಗೋಡೆಗೆ ಸುಣ್ಣದಲ್ಲಿ ಗೀಟು ಎಳೆದುಹೋದರು. ಅವಳು ಸಗಣಿಯಿಂದ ಸಾರಿಸಿ ಅಳಿಸಿದಳು. ಅವರು ಮರುದಿನ ಬಂದು ಎಣ್ಣೆಬಣ್ಣದಲ್ಲಿ ಎಳೆದರು.

ಕೊನೆಗೆ ಅವಳೇ ಚೆನ್ನಯನ ಹೋಟೆಲಿಗೆ ಹೋದಳು. ಒಳಗೆ ಹೋಗಲು ಸಂಕೋಚ. ದುಡ್ಡಿನ ಗಲ್ಲೆಯ ಪಕ್ಕದ ಬಾಗಿಲಲ್ಲೇ ನಿಂತಳು.

"ಅಣ್ಣಾ, ಅವತ್ತು ನಮ್ಮವರು ಅಂದದ್ದು ಖರೇ ಮಾತಲ್ಲ. ನಮ್ಮ ಕಡೆ ಹಾಂಗ ಅನ್ನೋದು ರೀತಿ."

ಚೆನ್ನಯ ಗಿರಾಕಿಗೆ ಚಿಲ್ಲರೆ ಕೊಟ್ಟು ಅವಳ ಕಡೆ ತಿರುಗಿದ. "ಎಂಥದ್ದು ರೀತಿ? ಕೊಡ್ತೇನೆ ಅಂತ ಹೇಳುದು, ಕೊಡದೇ ಇರುದಾ?"

"ಹೌದ್ರಿ. ಉಳಿದವರು ಬ್ಯಾಡ ಅನ್ನಬೇಕಿತ್ತು. ಅವರು ಅನ್ನಲಿಲ್ಲ."

"ಅಯ್ಯೋ ದೇವರೇ! ನನಗೆ ಹೇಗೆ ಗೊತ್ತಾಗ್ಬೇಕು ಭಾಗವ್ವ? ಅವರು ಹೇಳಿದ್ದನ್ನೇ ನಾನು ಹಿಂದಿಯಲ್ಲಿ ಹೇಳಿದ್ದು. ಸಾಹೇಬರಂತೂ ಖುಷಿಯಲ್ಲಿದ್ದಾರೆ, ಜನರೇ ಒಪ್ಪಿ ಕೊಟ್ರು ಅಂತ ಮೇಲಿನವರಿಗೆ ಬರೆದಾಗಿದೆ." ಅವನು ತಲೆ ಕೆರೆದುಕೊಂಡ. "ಒಂದು ಕೆಲ್ಸ ಮಾಡಿ. ಹೋಳಿ ಕಳೆದ ಮೇಲೆ ಮತ್ತೊಂದು ಸಭೆ ಉಂಟು, ತಕರಾರು ಇದ್ದವರು ಹೇಳ್ಲಿಕ್ಕೆ. ನೀವೇ ಬನ್ನಿ. ಹೆಂಗಸರು ಬರಬಾರದು ಅಂತ ಏನಿಲ್ಲ."

ಮೊದಲ ಸಭೆಗೂ ಹೆಂಗಸರು ಬರಬಾರದು ಅಂತೇನೂ ಇರಲಿಲ್ಲ. ಆ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ರೇಷನ್ ಅಂಗಡಿಯ ಮುಂದೆ ಜೋಳಕ್ಕೆ ನಿಂತಿದ್ದರು.

ಆ ಸಂಜೆ ಅಂಬವ್ವ ಬಂದಳು, ಸೆರಗಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಬಟ್ಟಲು ಮುಚ್ಚಿಕೊಂಡು. ಗಂಡ ಸತ್ತ ಮೇಲೆ ಗಲ್ಲಿಯ ಬಾಯಲ್ಲೇ ಒಲೆ ಹಚ್ಚಿ, ಬಂದರಿಗೆ ಹೋಗುವ ಗಂಡಸರಿಗೆ ರೊಟ್ಟಿ ಮಾರಿ ಬದುಕುವವಳು. ಭಾಗವ್ವನಿಗಿಂತ ಹತ್ತು ವರ್ಷ ಚಿಕ್ಕವಳು. ಹೊಸ್ತಿಲ ಹೊರಗೇ ಕೂತಳು.

"ನೀ ಯಾಕ ಅವತ್ತು ಬ್ಯಾಡ ಅನ್ನಲಿಲ್ಲ?" ಭಾಗವ್ವ ನೇರ ಕೇಳಿದಳು.

"ನಾ ಸಭಾಕ್ಕ ಬಂದಿದ್ದಿಲ್ಲಕ್ಕಾ. ರೊಟ್ಟಿ ಬಡೀಲಾಕತ್ತಿದ್ದೆ. ಬಂದಿದ್ರ ಅಂತಿದ್ದೆ."

"ಅಂತಿದ್ದಿ, ಅಂತಿದ್ದಿ," ಎಂದು ಭಾಗವ್ವ ಒಲೆ ಊದಿದಳು. ಅಂಬವ್ವ ಹಿಂಡಿಯನ್ನು ಅಲ್ಲೇ ಇಟ್ಟು ಎದ್ದುಹೋದಳು.

ಮರೆಪ್ಪ ಹಿಂಡಿಯ ಬಟ್ಟಲನ್ನು ಎಳೆದುಕೊಂಡು ಹೇಳಿದ: "ಯವ್ವಾ, ಸಭಾದಾಗ ಬ್ಯಾರೆ ಏನೂ ಹೇಳಬ್ಯಾಡ. ಇರೋದು ಎರಡು ಗುರುತು. ನಮ್ಮದು ಬ್ಯಾಡ, ಅಂಬವ್ವಂದು ತಗೋರಿ ಅಂದ್ರ ಮುಗೀತು. ಒಬ್ಬಂಟಿ ಹೆಣ್ಮಗಳು, ಎಲ್ಲಿದ್ರೂ ಒಂದೇ."

"ಬಾಯಿ ಮುಚ್ಚು. ನೀ ಕಾಮಾಲಿ ಆಗಿ ಬಿದ್ದಾಗ ನಿನ್ನ ಹೇಲು ಉಚ್ಚಿ ಬಳದಾಕಿ ಆಕಿ. ತಿನ್ನಲಾಕತ್ತಿದ್ದೂ ಆಕಿ ಹಿಂಡಿನೇ!"

"ಹಾಂಗಾದ್ರ ಏನು ಹೇಳ್ತಿ?"

"ಅವತ್ತು ಬಾಯಿ ಬಿಡದ ಮಂದಿ ಇವತ್ತು ಬಿಡ್ಲಿ. ಬ್ಯಾಡ ಅನ್ಲಿ. ಆಮ್ಯಾಲ ಎಲ್ಲರೂ ಮನಿ ಮುಂದಿನ ಒಂದೊಂದು ಮೊಳ ಬಿಟ್ರ ಯಾರ ಮನೀನೂ ಹೋಗೋದಿಲ್ಲ."

"ಬಿಡ್ತಾರ!" ಎಂದು ಮರೆಪ್ಪ ನಕ್ಕ. ಅವನಿಗೆ ನಗು ಬಂದದ್ದಲ್ಲ, ಸಾಕಾಗಿತ್ತು.

ಹೋಳಿಯ ಬಣ್ಣ ಇನ್ನೂ ಗೋಡೆಗಳ ಮೇಲಿದ್ದಾಗ ಎರಡನೇ ಸಭೆ ನಡೆಯಿತು. ಹೋಟೆಲಿನ ಮುಂದೆ ತಾಡಪತ್ರಿ ಹಾಸಿದ್ದರು. ಭಾಗವ್ವ ಗೋದಾಮಿನ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಗಂಡನನ್ನೂ ಕೆಲಸ ತಪ್ಪಿಸಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅಂಬವ್ವ ಹಿಟ್ಟಿನ ಕೈಯಲ್ಲೇ ಬಂದು ಹಿಂದೆ ಕೂತಳು. ಹೆಂಗಸರನ್ನು ನೋಡಿ ಸಾಹೇಬ, "ಬಹುತ್ ಅಚ್ಛಾ, ಬಹುತ್ ಅಚ್ಛಾ," ಎಂದ.

ತಕರಾರು ಯಾರದು ಎಂದು ಕೇಳಿದಾಗ ಭಾಗವ್ವ ಎದ್ದಳು. ಅವಳು ಸಾಹೇಬನ ಕಡೆ ನೋಡಲೇ ಇಲ್ಲ. ಮಂದಿಯ ಕಡೆ ತಿರುಗಿದಳು.

"ನಮ್ಮ ಯಜಮಾನ್ರು ರೀತಿ ಪ್ರಕಾರ ಮಾತು ಎತ್ತಿದ್ರು. ರೀತಿ ಪ್ರಕಾರ ನೀವು ಏನನ್ನಬೇಕಿತ್ತು, ನಿಮಗೆಲ್ಲಾರಿಗೂ ಗೊತ್ತದ. ಅವತ್ತು ಮರ್ತಿದ್ರಿ ಅಂತ ತಿಳಕೊಂತೀನಿ. ಇವತ್ತು ಅನ್ರಿ."

ಸೋಮವ್ವನ ಗಂಡ ತಾಡಪತ್ರಿಯ ತೂತಿನಲ್ಲಿ ಬೆರಳು ಹಾಕಿ ತಿರುಗಿಸತೊಡಗಿದ. ಕಾಲು ಮುಟ್ಟಿದ್ದವರೆಲ್ಲ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು.

"ಎಲ್ಲರೂ ಒಂದೊಂದು ಮೊಳ ಬಿಡೋಣು. ಮೊದಲು ನಾನೇ ಬಿಡ್ತೀನಿ. ಯಾರು ಬಿಡ್ತೀರಿ?"

ಆಗ ಬಾಯಿಗಳು ಬಿಚ್ಚಿದವು. ನಮ್ಮ ಮನೆ ಮುಂದೆ ಮೋರಿ ಇದೆ, ನಮ್ಮದು ಮೊದಲೇ ಇಕ್ಕಟ್ಟು, ನಮ್ಮ ಗೋಡೆ ಮುಟ್ಟಿದರೆ ಮಾಡು ಬೀಳುತ್ತದೆ, ಅವನು ಎರಡು ಮೊಳ ಬಿಟ್ಟರೆ ನಾನು ಒಂದು ಬಿಡುತ್ತೇನೆ. ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದ. ಚೆನ್ನಯ ಕೂಗಿ ಕೂಗಿ ಸಾಕಾಗಿ ಎಲ್ಲರನ್ನೂ ಕೂರಿಸಿದ.

ಸಾಹೇಬ ಹಣೆ ಒರೆಸಿಕೊಂಡು ಏನೋ ಹೇಳಿದ. ಚೆನ್ನಯ ಅದನ್ನು ತಿಳಿಸಿದ: "ಮಾರ್ಚ್ ಮುಗಿಯುದರೊಳಗೆ ಕೆಲ್ಸ ಶುರುವಾಗದಿದ್ರೆ ದುಡ್ಡು ಹಿಂದೆ ಹೋಗ್ತದೆ, ನಲ್ಲಿಯೂ ಇಲ್ಲ, ಸಂಡಾಸೂ ಇಲ್ಲ. ಗುರುತು ಎರಡೇ. ಯಾವುದು ಅಂತ ನೀವೇ ಹೇಳಿ. ಅವರಾಗಿ ಹೇಳುದಿಲ್ಲ, ನಿಮ್ಮನ್ನು ಕೇಳಿಯೇ ಮಾಡುದಂತೆ."

"ಕೇಳಬಾರದಿತ್ತು ರೀ!" ಭಾಗವ್ವನಿಗೆ ಅಳು ಬಂದುಬಿಟ್ಟಿತು. "ಕೇಳದೇ ಒಡದಿದ್ರ ಎಲ್ಲರೂ ಕೂಡಿ ನಿಮಗ ಬೈತಿದ್ವಿ. ಈಗ ಯಾರಿಗೆ ಬೈಯೋಣು?"

ಇದನ್ನು ಚೆನ್ನಯ ಹಿಂದಿಗೆ ತಿರುಗಿಸಲಿಲ್ಲ. ಸಾಹೇಬ ಕಾದ. ಭಾಗವ್ವ ಕುಸಿದು ಕೂತಳು.

ಆಗ ಹಿಂದಿನಿಂದ ಅಂಬವ್ವ ಎದ್ದಳು.

"ಅಕ್ಕನ ಮನಿ ಬ್ಯಾಡ ರೀ. ಹಿರ್ಯಾರ ಮನಿ ಅದು, ಅದಕ್ಕ ಕೈ ಹಚ್ಚಬ್ಯಾಡ್ರಿ. ಮೊದಲು ನಂದೇ ತಗೋರಿ."

ಹೇಳಿ ಅವಳು ಕೂರಲಿಲ್ಲ. ಭಾಗವ್ವನ ಮುಖ ನೋಡುತ್ತ ನಿಂತಳು. ಅವಳು ಊರಿನ ಹೆಣ್ಣು, ನಾಲ್ಕು ಮಂದಿಯಲ್ಲಿ ಬೆಳೆದವಳು. ಇಷ್ಟು ಮಂದಿಯಲ್ಲಿ ತಾನೊಬ್ಬಳಾದರೂ ಬ್ಯಾಡ ಅಂದೆ, ಇನ್ನು ಅಕ್ಕನ ಸರದಿ ಎಂಬುದು ಅವಳಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

ಗುರಲಿಂಗಪ್ಪ ಏಳಲು ನೆಲಕ್ಕೆ ಕೈಯೂರಿದ. ಬಾಯಿ ತೆರೆದಿದ್ದ. ಭಾಗವ್ವ ಅವನ ಧೋತರದ ಚುಂಗನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಎಳೆದಳು. ಅವನು ಕೂತ. ಅವಳು ಚುಂಗು ಬಿಡಲಿಲ್ಲ, ತಲೆ ಎತ್ತಲೂ ಇಲ್ಲ. ಅಂಬವ್ವ ಇನ್ನೂ ನೋಡುತ್ತಲೇ ಇದ್ದಳು. ಚೆನ್ನಯನಿಗೆ ಈಗ ರೀತಿ ಗೊತ್ತಿತ್ತು. ಅವನು ಒಂದು ಗಳಿಗೆ ಭಾಗವ್ವನ ಕಡೆ ನೋಡಿದ, ಅಂಬವ್ವನ ಕಡೆ ನೋಡಿದ. ಆಮೇಲೆ ಹಿಂದಿಯಲ್ಲಿ ಹೇಳಿದ. ಸಾಹೇಬ ಬರೆದುಕೊಂಡ, ಅಂಬವ್ವನಿಗೆ ಕೈಮುಗಿದ.

ಮುಂದಿನ ವಾರ ಟ್ರಕ್ಕು ಬಂತು. ಅಂಬವ್ವನ ಮನೆಯ ಪತ್ರಾ, ಕಂಬ, ಹೆಂಚು, ಕಬ್ಬಿಣದ ಪೆಟ್ಟಿಗೆ ಎಲ್ಲ ಮರೆಪ್ಪನೇ ಹೊತ್ತು ಹೇರಿದ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಹೋಗಿದ್ದ. ಸೇವಂತಿ ಅವಳನ್ನು ತಬ್ಬಿಕೊಂಡು ಅತ್ತಳು. ಭಾಗವ್ವ ನಸುಕಿನಲ್ಲೇ ಎದ್ದು ತಟ್ಟಿದ್ದ ರೊಟ್ಟಿಯ ಗಂಟನ್ನು ಮುಂದೆ ಹಿಡಿದಳು. ಅಂಬವ್ವ ಒಂದು ಮಾತಿಗಾದರೂ ಯಾಕ್ರಿ ಅಕ್ಕಾ, ಇರ್ಲಿ ಅನ್ನಲಿಲ್ಲ. ತೆಗೆದುಕೊಂಡು ಚೀಲದೊಳಗೆ ಇಟ್ಟಳು. ಡ್ರೈವರನ ಪಕ್ಕದಲ್ಲಿ ಕೂತು ಮುಂದಕ್ಕೆ ನೋಡಿದಳು.

ಸಂಜೆ ಗುರಲಿಂಗಪ್ಪ ಕೆಲಸದಿಂದ ಬಂದು ತಾಟಿನ ಮುಂದೆ ಕೂತ. ಮಕ್ಕಳಿಬ್ಬರೂ ಇನ್ನೂ ಬಂದಿರಲಿಲ್ಲ. ಗಲ್ಲಿಯ ಬಾಯಲ್ಲಿ ಕೂಲಿಯವರು ಪೈಪು ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವನು ರೊಟ್ಟಿ ಮುರಿದ, ತಿನ್ನಲಿಲ್ಲ.

"ಆಕಿ ನಿನ್ನ ಮಾರಿ ನೋಡಿದ್ಲು," ಎಂದ.

"ನೋಡಿದ್ಲು."

"ಒಂದು ಸಲ ಬ್ಯಾಡ ಅಂದಿದ್ರ ಆಕಿ ಜೀವಕ್ಕ ಸಮಾಧಾನ ಆಗ್ತಿತ್ತು."

ಭಾಗವ್ವ ಅವನ ತಾಟಿಗೆ ಪಲ್ಯ ಬಡಿಸಿದಳು.

"ಅಂದಿದ್ರ ಬರಕೊಂತಿದ್ರು," ಎಂದಳು.